ಕೌಂಟರ್-ಸ್ಟ್ರೈಕ್: ಯಾವ ಸುತ್ತಿಗೆ ಯಾವ ಆಯುಧ?

1999ರಲ್ಲಿ 'ಹಾಫ್-ಲೈಫ್' ಆಟದ ಮಾರ್ಪಾಡಾಗಿ ಹುಟ್ಟಿ, 2000ದಲ್ಲಿ ವಾಲ್ವ್ ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಬಂದ ಕಂಪ್ಯೂಟರ್ ಆಟ ಕೌಂಟರ್-ಸ್ಟ್ರೈಕ್. 2023ರಲ್ಲಿ ಬಿಡುಗಡೆಯಾದ 'ಕೌಂಟರ್-ಸ್ಟ್ರೈಕ್ 2'ರ ಸ್ಪರ್ಧಾ ಪಂದ್ಯಗಳಲ್ಲೂ ತಲಾ ಐವರ ಎರಡು ತಂಡಗಳು ಸೆಣಸುತ್ತವೆ. ಇಲ್ಲಿ ಗುರಿಯಷ್ಟೇ ಹಣದ ಲೆಕ್ಕಾಚಾರವೂ ಮುಖ್ಯ. ಮೊದಲ ಸುತ್ತಿನಲ್ಲಿ ಪ್ರತಿ ಆಟಗಾರನಿಗೆ ದೊರೆಯುವುದು ಆಟದೊಳಗಿನ 800 ಡಾಲರ್ ಮಾತ್ರ, ಪಿಸ್ತೂಲೇ ಗತಿ.

ಎಕೆ-47: ಬೆಲೆ 2,700 ಡಾಲರ್. ಭಯೋತ್ಪಾದಕರ ತಂಡ ಮಾತ್ರ ಇದನ್ನು ಖರೀದಿಸಬಹುದು. ತಲೆಗೆ ತಗುಲಿದ ಒಂದೇ ಗುಂಡು ಶಿರಸ್ತ್ರಾಣಧಾರಿಯನ್ನೂ ಉರುಳಿಸುತ್ತದೆ. ಸತತವಾಗಿ ಹಾರಿಸಿದರೆ ಗುರಿ ಮೇಲಕ್ಕೆ ಜಿಗಿಯುವುದರಿಂದ ಬಿಡಿ ಗುಂಡುಗಳೇ ಲೇಸು.

ಎಂ4: ಎದುರು ತಂಡದ ರೈಫಲ್. ಹತೋಟಿ ಸುಲಭ, ಆದರೆ ಶಿರಸ್ತ್ರಾಣದ ಮುಂದೆ ಒಂದು ಗುಂಡು ಸಾಲದು.

ಎಡಬ್ಲ್ಯೂಪಿ: ಬೆಲೆ 4,750 ಡಾಲರ್. ಕಾಲು ಬಿಟ್ಟು ದೇಹದ ಎಲ್ಲಿ ತಗುಲಿದರೂ ಸಾಮಾನ್ಯವಾಗಿ ಸಾವು ಖಚಿತ. ಗುರಿ ತಪ್ಪಿದರೆ ಮರುಹೊಡೆತಕ್ಕೆ ವಿಳಂಬ. ಹೊತ್ತವನು ಸತ್ತರೆ ಆಯುಧ ಎದುರಾಳಿಯ ಪಾಲು.

ಮ್ಯಾಕ್-10: ಅಗ್ಗದ ಸಬ್‌ಮಷಿನ್ ಗನ್. ಸಮೀಪದ ಕಾಳಗಕ್ಕೆ ತಕ್ಕುದು. ಪ್ರತಿ ಬಲಿಗೆ 600 ಡಾಲರ್ ಬಹುಮಾನ; ಎಡಬ್ಲ್ಯೂಪಿಗೆ ಕೇವಲ 100.

ಸಂಗಡಿಗರು ಉಳಿತಾಯ ಮಾಡುವಾಗ ಒಬ್ಬನೇ ದುಬಾರಿ ಆಯುಧ ಕೊಂಡು ಸತ್ತರೆ, ಮುಂದಿನ ಸುತ್ತಿನಲ್ಲಿ ನಾಲ್ವರಿಗೆ ರೈಫಲ್, ಅವನಿಗೆ ಪಿಸ್ತೂಲ್. ಆದ್ದರಿಂದ ಆಯುಧದ ಆಯ್ಕೆ ಆಟಗಾರನ ಅಭಿರುಚಿಗಿಂತ ತಂಡದ ಬೊಕ್ಕಸಕ್ಕೆ ಸೇರಿದ ವಿಷಯ.