ಬಹುರೋಗಸ್ಥಿತಿ: ಎಣಿಕೆಯ ಇತಿಹಾಸ

ಒಬ್ಬರಿಗೇ ಎರಡು ಅಥವಾ ಅದಕ್ಕಿಂತ ಹೆಚ್ಚು ದೀರ್ಘಕಾಲದ ಕಾಯಿಲೆಗಳಿರುವುದನ್ನು ಬಹುರೋಗಸ್ಥಿತಿ ಎನ್ನುತ್ತಾರೆ. ಸಕ್ಕರೆ ಕಾಯಿಲೆಯ ಜೊತೆ ಬಿ.ಪಿ.ಯೂ ಇರುವುದು ವೈದ್ಯರಿಗೆ ಹೊಸದೇನಲ್ಲ. ಇಡೀ ಜನಸಮುದಾಯದಲ್ಲಿ ಇದನ್ನು ಎಣಿಸುವ ಕೆಲಸ ಮಾತ್ರ ಈಚಿನದು. ಅದರ ವಿಧಾನದ ಬಗ್ಗೆ ಇನ್ನೂ ಒಮ್ಮತ ಮೂಡಿಲ್ಲ.

ಎಲ್ಲಿ ಎಣಿಸಬೇಕು ಎಂಬ ಪ್ರಶ್ನೆ 1946ರಲ್ಲೇ ಎದ್ದಿತು. ಅಮೆರಿಕದ ಮೇಯೊ ಕ್ಲಿನಿಕ್‌ನ ಜೋಸೆಫ್ ಬರ್ಕ್‌ಸನ್ ಸಕ್ಕರೆ ಕಾಯಿಲೆ ಮತ್ತು ಪಿತ್ತಕೋಶದ ಉರಿಯೂತವನ್ನು ಉದಾಹರಣೆಯಾಗಿ ತೆಗೆದುಕೊಂಡರು. ಎರಡೂ ಇರುವವರಿಗೆ ಆಸ್ಪತ್ರೆ ಸೇರಲು ಎರಡು ಕಾರಣ. ಹಾಗಾಗಿ ಊರಿನಲ್ಲಿ ಪರಸ್ಪರ ನಂಟೇ ಇಲ್ಲದ ರೋಗಗಳು ವಾರ್ಡಿನಲ್ಲಿ ಜೋಡಿಯಾಗಿ ಕಾಣಬಹುದು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಈ ಎಚ್ಚರಿಕೆ ಇಂದಿಗೂ ಹಳತಾಗಿಲ್ಲ.

1970ರಲ್ಲಿ ಯೇಲ್‌ನ ಆಲ್ವನ್ ಫೈನ್‌ಸ್ಟೈನ್ ಮುಖ್ಯ ರೋಗದ ಜೊತೆಗಿರುವ ಇತರ ರೋಗಗಳನ್ನು ವರ್ಗೀಕರಿಸಿದರು. ಇಂಥ ಜೊತೆರೋಗಗಳಿಗೆ ಅಂಕ ಕೊಟ್ಟು ಸಾವಿನ ಅಪಾಯವನ್ನು ಅಂದಾಜಿಸುವ ಚಾರ್ಲ್‌ಸನ್ ಸೂಚ್ಯಂಕ 1987ರಲ್ಲಿ ಬಂತು. ಯಾವ ರೋಗವನ್ನೂ ಮುಖ್ಯವೆಂದು ಹಿಡಿಯದೆ ರೋಗಿಯನ್ನೇ ಕೇಂದ್ರವಾಗಿ ಕಾಣುವ ಕ್ರಮ 1990ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರಿಂದ ಬಲಗೊಂಡಿತು.

ನಿಜವಾದ ತಿರುವು 2012ರದು. ಸ್ಕಾಟ್ಲೆಂಡಿನ 314 ಕುಟುಂಬ ವೈದ್ಯರ ಕೇಂದ್ರಗಳ ದಾಖಲೆಗಳಿಂದ ಸುಮಾರು 17.5 ಲಕ್ಷ ಜನರ 40 ಕಾಯಿಲೆಗಳನ್ನು ಎಣಿಸಿದಾಗ ಶೇ. 23.2ರಷ್ಟು ಮಂದಿ ಬಹುರೋಗಿಗಳಾಗಿದ್ದರು. ವಯಸ್ಸಾದಂತೆ ಪ್ರಮಾಣ ಏರುತ್ತಿತ್ತಾದರೂ, ಒಟ್ಟು ಬಹುರೋಗಿಗಳಲ್ಲಿ 65 ದಾಟದವರೇ ಹೆಚ್ಚು. ಕಡುಬಡ ಪ್ರದೇಶಗಳ ಜನ ಅನುಕೂಲಸ್ಥರಿಗಿಂತ 10ರಿಂದ 15 ವರ್ಷ ಮೊದಲೇ ಈ ಸ್ಥಿತಿಗೆ ಬರುತ್ತಿದ್ದರು. ಅವರಲ್ಲಿ ಮಾನಸಿಕ ಕಾಯಿಲೆಯೂ ಕೂಡಿಕೊಳ್ಳುವುದು ಹೆಚ್ಚಾಗಿತ್ತು. ಇದು ಮುಪ್ಪಿನ ಸಮಸ್ಯೆಯಷ್ಟೇ ಎಂಬ ನಂಬಿಕೆ ಅಲ್ಲಿಗೆ ಸಡಿಲಾಯಿತು.

ಯಾವ ಕಾಯಿಲೆಗಳನ್ನು ಪಟ್ಟಿಗೆ ಸೇರಿಸಬೇಕೆಂಬುದು ಇನ್ನೊಂದು ತೊಡಕು. 566 ಅಧ್ಯಯನಗಳನ್ನು ಪರಿಶೀಲಿಸಿದ 2021ರ ವಿಮರ್ಶೆಯೊಂದರಲ್ಲಿ ಪಟ್ಟಿಗಳ ಉದ್ದ 2ರಿಂದ 285ರವರೆಗೆ ಇತ್ತು. ಇಂಥ ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ.

ಭಾರತದಲ್ಲಿ ದಾಖಲೆ ಇನ್ನೂ ತೆಳು. ವಯಸ್ಸಾಗುವಿಕೆ ಮತ್ತು ಆರೋಗ್ಯ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ 'ಸೇಜ್' ಸಮೀಕ್ಷೆ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ನಡೆಯಿತು. ಅದೇ ವಿಷಯದ ರಾಷ್ಟ್ರೀಯ ಸಮೀಕ್ಷೆಯಾದ 2017–18ರ 'ಲಾಸಿ' 45 ದಾಟಿದವರೂ ಅವರ ಸಂಗಾತಿಗಳೂ ಸೇರಿ 72,000ಕ್ಕೂ ಹೆಚ್ಚು ಜನರನ್ನು ತಲುಪಿತು. ಅದರ ಅಂಕಿಗಳಲ್ಲಿ ಕೇರಳ ಮುಂದಿದೆ. ಬಡವರಿಗಿಂತ ಉಳ್ಳವರಲ್ಲಿ ಪ್ರಮಾಣ ಹೆಚ್ಚು, ಸ್ಕಾಟ್ಲೆಂಡಿಗೆ ತೀರ ತಿರುವುಮುರುವು. ಆದರೆ 'ಈ ಕಾಯಿಲೆ ಇದೆಯೆಂದು ವೈದ್ಯರು ಎಂದಾದರೂ ಹೇಳಿದ್ದಾರೆಯೇ?' ಎಂಬ ಬಗೆಯ ಪ್ರಶ್ನೆಗೆ ಒಮ್ಮೆಯೂ ಬಿ.ಪಿ. ನೋಡಿಸಿಕೊಳ್ಳದ ಕೂಲಿಯಾಳು 'ಇಲ್ಲ' ಎಂದೇ ಉತ್ತರಿಸುತ್ತಾರೆ. ಆ 'ಇಲ್ಲ'ಗಳನ್ನು ನಂಬಿ ಬಡವರಲ್ಲಿ ಬಹುರೋಗ ಕಡಿಮೆ ಎಂದು ತೀರ್ಮಾನಿಸಲಾಗದು.