ಕರಿಯನೆಂಬ ಹೆಸರು: ಮೈಬಣ್ಣ, ಜನಾಂಗವಾದ ಮತ್ತು ಆತ್ಮಗೌರವ

ಬದನಗುಪ್ಪೆಯಿಂದ ಗುಂಡ್ಲುಪೇಟೆಯವರೆಗಿನ ಹಳ್ಳಿಗಳಲ್ಲಿ, ಹಳೆಯ ಮೈಸೂರು ಸೀಮೆಯ ಇತರೆಡೆಗಳಲ್ಲಿರುವಂತೆಯೇ, ಕರಿಯಯ್ಯ, ಕಾಳಯ್ಯ, ಕರಿಯಮ್ಮ, ಕೆಂಪಮ್ಮ ಎಂಬ ಹೆಸರುಗಳು ಹಿರಿಯ ತಲೆಮಾರಿನವರಲ್ಲಿ ಸಾಮಾನ್ಯ; ಅವರ ಮೊಮ್ಮಕ್ಕಳಲ್ಲಿ ವಿರಳ. ಹೆಸರುಗಳ ರುಚಿ ಕಾಲಕಾಲಕ್ಕೆ ಬದಲಾಗುವುದು ಸಹಜವೇ. ಆದರೆ ಹಿಂದಿನವರು ಸಂಕೋಚವಿಲ್ಲದೆ ಮಕ್ಕಳಿಗಿಟ್ಟ 'ಕರಿಯ' ಎಂಬ ಹೆಸರು ಇಂದು ತರಗತಿಯಲ್ಲಿ ಪರಿಹಾಸ್ಯದ ಮಾತಾಗಿರುವುದೇಕೆ ಎಂಬುದು ಚರಿತ್ರೆಯ ವಿದ್ಯಾರ್ಥಿಗಳು ವಿಚಾರಿಸತಕ್ಕ ವಿಷಯ. ಅದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲು ಯತ್ನಿಸಿದ್ದೇವೆ.

ಬಣ್ಣವೊಂದೇ ಇದಕ್ಕೆ ಕಾರಣವೆನ್ನುವಂತಿಲ್ಲ. ಅರಿಕುಠಾರಕ್ಕೆ 1818ರಲ್ಲಿ ತನ್ನ ತಂದೆಯ ನೆನಪಿಗಾಗಿ ಚಾಮರಾಜನಗರವೆಂದು ಹೆಸರಿಟ್ಟ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು. ಕೃಷ್ಣ ಎಂದರೂ ಕಪ್ಪು, ಕರಿಯ ಎಂದರೂ ಕಪ್ಪು. ಅರಸನ ಹೆಸರು ಸಂಸ್ಕೃತದಲ್ಲಿ ಹೇಳುವುದನ್ನೇ ಒಕ್ಕಲಿನವನ ಹೆಸರು ಕನ್ನಡದಲ್ಲಿ ಹೇಳುತ್ತದೆ. ಒಂದು ಗೌರವಕ್ಕೂ ಇನ್ನೊಂದು ನಗೆಗೂ ಪಾತ್ರವಾಗುವುದಾದರೆ, ಕೊರತೆ ಬಣ್ಣದಲ್ಲಿಲ್ಲ. ಅದನ್ನು ಹೊತ್ತವನಿಗೆ ಸಮಾಜ ಕಟ್ಟಿದ ಬೆಲೆಯಲ್ಲಿದೆ.

ಬಿಳುಪಿನ ಮೋಹವನ್ನು ಬ್ರಿಟಿಷರೇ ತಂದರೆಂದು ಹೇಳುವುದು ಸರಿಯಾಗದು. ಅದು ಅವರಿಗಿಂತ ಹಳೆಯದು. ಅವರ ಆಡಳಿತ ಅದಕ್ಕೆ ಶಾಸ್ತ್ರದ ಮುದ್ರೆಯೊತ್ತಿತು. 1901ರ ಜನಗಣತಿಯ ಕಮಿಷನರಾಗಿದ್ದ ರಿಸ್ಲಿ, ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದ ಅಂಕಿಯು ಜನಾಂಗವನ್ನು ಸೂಚಿಸುವುದೆಂದೂ, ಮೂಗು ಅಗಲವಾದಷ್ಟೂ ಜಾತಿಯ ಅಂತಸ್ತು ಕೆಳಗಿರುವುದೆಂದೂ ವಾದಿಸಿದನು. ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಥರ್‌ಸ್ಟನ್ನನೂ ಇಂಥ ಅಳತೆಗಳನ್ನು ಕಲೆಹಾಕಿದನು. 1909ರಲ್ಲಿ ಹೊರಬಂದ ಅವನ ಏಳು ಸಂಪುಟಗಳಲ್ಲಿ ನಮ್ಮ ಸೋಲಿಗರಿಗೂ ಒಂದು ಪ್ರಕರಣವಿದೆ. ಹೀಗೆ ಮನುಷ್ಯನ ಮುಖ ಅವನ ಯೋಗ್ಯತೆಯ ಪಟ್ಟಿಯಾಯಿತು.

ಈ ಅಳತೆಗೋಲು ಬಹುಕಾಲ ನಿಲ್ಲಲಿಲ್ಲ. 1932ರಲ್ಲಿ ಘುರ್ಯೆ ಅವರು ರಿಸ್ಲಿಯ ನಿಯಮ ದೇಶದ ಬಹುಭಾಗಕ್ಕೆ ಹೊಂದುವುದಿಲ್ಲವೆಂದು ತೋರಿಸಿದರು. 1948ರಲ್ಲಿ ಡಾ. ಅಂಬೇಡ್ಕರರು ಅದೇ ಮೂಗಿನ ಅಂಕಿಗಳನ್ನು ಕೈಗೆತ್ತಿಕೊಂಡು, ಬ್ರಾಹ್ಮಣನೂ ಅಸ್ಪೃಶ್ಯನೂ ಬೇರೆ ಜನಾಂಗದವರಲ್ಲವೆಂದು ಸಾಧಿಸಿದರು. 1950ರಲ್ಲಿ ಯುನೆಸ್ಕೋ ಸಂಸ್ಥೆಯ ಹೇಳಿಕೆ ಜನಾಂಗೀಯ ಮೇಲುಕೀಳನ್ನು ತಿರಸ್ಕರಿಸಿತು. ಶಾಸ್ತ್ರ ಹಿಂದೆ ಸರಿಯಿತು, ಅಭ್ಯಾಸ ಉಳಿಯಿತು. ವಧೂವರಾನ್ವೇಷಣೆಯ ಪ್ರಕಟಣೆಗಳಲ್ಲಿ ಮೈಬಣ್ಣ ಇಂದಿಗೂ ಒಂದು ಅರ್ಹತೆ. 1975ರಲ್ಲಿ ಮಾರುಕಟ್ಟೆಗೆ ಬಂದ ಪ್ರಸಿದ್ಧ ಮುಲಾಮೊಂದು ತನ್ನ ಹೆಸರಿನಿಂದ ಬಿಳುಪನ್ನು ಸೂಚಿಸುವ ಮಾತನ್ನು ಕೈಬಿಟ್ಟದ್ದು 2020ರಲ್ಲಿ.

ಈ ಸೀಮೆಯ ಜನಪದರಲ್ಲಿ ಬೇರೊಂದು ಅಳತೆಯೂ ಉಂಟು. ಬಿಳಿಗಿರಿಯೆಂದರೆ ಬಿಳಿಯ ಬೆಟ್ಟ. ಅಲ್ಲಿ ನೆಲೆಸಿದ ರಂಗಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನೆಂಬುದು ಕಥೆ. ಆದುದರಿಂದ ಸೋಲಿಗರಿಗೆ ದೇವರು ಭಾವನಾಗುತ್ತಾನೆ. ಇದು ಐತಿಹಾಸಿಕ ಘಟನೆಯೆಂದು ನಾವು ಹೇಳುತ್ತಿಲ್ಲ. ಒಂದು ಸಮುದಾಯ ತನ್ನನ್ನು ತಾನು ಹೇಗೆ ಕಂಡುಕೊಂಡಿತೆಂಬುದಕ್ಕೆ ಸಾಕ್ಷಿಯೆಂದು ಎಣಿಸುತ್ತೇವೆ. ಒಬ್ಬನು ಸೋಲಿಗರನ್ನು ಸಂಪುಟದ ಪ್ರಕರಣವನ್ನಾಗಿ ಮಾಡಿದನು. ಅವರಾದರೋ ತಮ್ಮನ್ನು ದೇವರ ನಂಟರೆಂದರು. ನಂಟಿನಲ್ಲಿ ಮರ್ಯಾದೆಯುಂಟು, ಅಳತೆಯಲ್ಲಿಲ್ಲ.

ಪುರಾಣದ ಗೌರವ ನಿತ್ಯದ ಬಾಳಿನ ಅವಮಾನವನ್ನು ತಾನಾಗಿಯೇ ತೊಡೆಯಲಾರದೆಂಬುದು ನಿಜ. ಆದರೂ ಹಾಜರಿ ಕರೆಯುವಾಗ 'ಕರಿಯಯ್ಯ' ಎಂದೊಡನೆ ಹಿಂದಿನ ಸಾಲಿನಲ್ಲಿ ನಗೆಯೆದ್ದರೆ, ಆ ಹುಡುಗ ತಲೆತಗ್ಗಿಸುವ ಮೊದಲೇ, ಆ ಹೆಸರಿಗೂ ಕೃಷ್ಣನ ಹೆಸರಿಗೂ ಅರ್ಥ ಒಂದೇ ಎಂದು ತಿಳಿಸಿಕೊಡುವುದು ಅಧ್ಯಾಪಕರಾದ ನಮ್ಮ ಕೈಯಲ್ಲಿದೆ. ಚರಿತ್ರೆಯ ವ್ಯಾಸಂಗದಿಂದ ಅಷ್ಟಾದರೂ ಪ್ರಯೋಜನವಾಗಬೇಕು.