800 ರೂಪಾಯಿಯ ದೆವ್ವ: ಮಾಲ್ಚಾ ಮಹಲ್ ಟೂರಿನಲ್ಲಿ ಕಾಣಿಸದವರು

2023ರ ಮೇ ತಿಂಗಳಲ್ಲಿ ದೆಹಲಿ ಸರ್ಕಾರದ ಪ್ರವಾಸೋದ್ಯಮ ನಿಗಮ ಹೊಸದೊಂದು ಟೂರ್ ಶುರು ಮಾಡಿತು: 'ಹಾಂಟೆಡ್ ವಾಕ್'. ತಲೆಗೆ 800 ರೂಪಾಯಿ ಟಿಕೆಟ್, ಇಳಿಸಂಜೆಯಲ್ಲಿ ಕಾಡಿನೊಳಗೊಂದು ನಡಿಗೆ, ಕಥೆ ಹೇಳಲು ಜೊತೆಗೊಬ್ಬ ಗೈಡ್. ಮೊದಲ ನಡಿಗೆ ಮಾಲ್ಚಾ ಮಹಲಿಗೆ. ಭೂಲಿ ಭಟಿಯಾರಿ ಮಹಲ್, ಫಿರೋಜ್ ಶಾ ಕೋಟ್ಲಾ, ತುಘಲಕಾಬಾದ್ ಕೋಟೆಗಳೂ ಪಟ್ಟಿಯಲ್ಲಿದ್ದವು. ಖಾಸಗಿಯವರು ಇಂಥದ್ದನ್ನು ಎಷ್ಟೋ ಕಾಲದಿಂದ ನಡೆಸ್ತಾ ಬಂದಿದ್ದಾರೆ. ಒಂದು ಚುನಾಯಿತ ಸರ್ಕಾರವೇ ಹಳೆಯ ಸ್ಮಾರಕಗಳಿಗೆ ದೆವ್ವದ ಬೋರ್ಡು ಹಾಕಿ ಟಿಕೆಟ್ ಹರಿದದ್ದು ಮಾತ್ರ ನನ್ನ ಕಿವಿ ನೆಟ್ಟಗಾಗಿಸಿತು.

ಇಂಥ ಸುದ್ದಿ ಬಂದ ಕೂಡಲೇ ನಮ್ಮಂಥವರ ಬಾಯಲ್ಲಿ ಬರುವ ಮೊದಲ ಮಾತು 'ಸರ್ಕಾರವೇ ಮೂಢನಂಬಿಕೆ ಮಾರ್ತಿದೆ ನೋಡಿ' ಅನ್ನೋದು. ಆ ತಕರಾರಿನಲ್ಲಿ ಹುರುಳಿದೆ, ಆದರೆ ಅಲ್ಲಿಗೇ ನಿಂತರೆ ಮುಖ್ಯವಾದದ್ದು ಕೈತಪ್ಪುತ್ತೆ. ಟಿಕೆಟ್ ತಗೊಂಡು ಬರೋ ಹುಡುಗ ಹುಡುಗಿಯರು ದೆವ್ವವನ್ನು ನಂಬಿಕೊಂಡೇ ಬರಬೇಕಿಲ್ಲ. ಮೈ ಜುಮ್ಮೆಂದರೆ ಸಾಕು, ಒಂದು ರೀಲ್ ಆದರೆ ಇನ್ನೂ ಒಳ್ಳೇದು. ನನ್ನನ್ನು ಕಾಡೋದು ಬೇರೆ. ನಮ್ಮ ಅಜ್ಜಿಯರ ಲೆಕ್ಕದಲ್ಲಿ ಸುಮ್ಮಸುಮ್ಮನೆ ಯಾರೂ ದೆವ್ವ ಆಗಲ್ಲ. ಅನ್ಯಾಯವಾಗಿ ಸತ್ತವರು, ಆಸೆ ತೀರದೆ ಹೋದವರು ಆಗ್ತಾರೆ. ಅಂದರೆ ಒಂದು ಜಾಗದಲ್ಲಿ ದೆವ್ವ ಇದೆ ಅಂತ ಜನ ಹೇಳ್ತಿದ್ದರೆ, ಅಲ್ಲೊಂದು ಕೇಸು ಬಾಕಿ ಇದೆ ಅಂತ ಅರ್ಥ. ಟೂರಿನವರು ದೆವ್ವ ತೋರಿಸ್ತಾರೆ, ಕೇಸಿನ ಫೈಲು ತೆರೆಯಲ್ಲ. ಇದಕ್ಕೆ ಮಾಲ್ಚಾ ಮಹಲಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ವೇಟಿಂಗ್ ರೂಮಿನ ಬೇಗಂ

ಮಾಲ್ಚಾ ಮಹಲ್ ಅಸಲಿಗೆ ಮಹಲೇ ಅಲ್ಲ. 14ನೇ ಶತಮಾನದಲ್ಲಿ, ತುಘಲಕರ ಕಾಲದಲ್ಲಿ, ಶಿಕಾರಿಗೆ ಬಂದವರು ತಂಗಲೆಂದು ಕಟ್ಟಿದ ಕಲ್ಲಿನ ಕಟ್ಟಡ. ದೆಹಲಿಯ ರಿಜ್ ಕಾಡಿನೊಳಗೆ, ಸರ್ದಾರ್ ಪಟೇಲ್ ಮಾರ್ಗದಿಂದ ಸ್ವಲ್ಪ ದೂರದಲ್ಲಿದೆ. ಇಲ್ಲಿ ಓಡಾಡುತ್ತೆ ಅನ್ನೋ ಆತ್ಮ ಬೇಗಂ ವಿಲಾಯತ್ ಮಹಲ್ ಅವರದು. ಬಾಯಿಂದ ಬಾಯಿಗೆ ಹರಿದಾಡುವ ಕಥೆ ಹೀಗೆ: ವಿಲಾಯತ್ ಔಧ್‌ನ ಕೊನೆಯ ನವಾಬ ವಾಜಿದ್ ಅಲಿ ಶಾನ ವಂಶದವರು, 1856ರಲ್ಲಿ ಬ್ರಿಟಿಷರು ಕಿತ್ತುಕೊಂಡ ರಾಜ್ಯದ ಕೊರಗಿನಲ್ಲೇ ಬದುಕಿ, ಕೊನೆಗೆ ವಜ್ರ ಕುಟ್ಟಿ ಪುಡಿ ಮಾಡಿ ನುಂಗಿ ಪ್ರಾಣ ಬಿಟ್ಟರು. ರಾಣಿ, ವಜ್ರ, ಕಾಡು, ಪಾಳು ಗೋಡೆ. ಕಥೆಗೆ ಇನ್ನೇನು ಬೇಕು?

ದಾಖಲಾಗಿರುವುದು ಇಷ್ಟು. 1970ರ ದಶಕದಲ್ಲಿ ವಿಲಾಯತ್ ತಮ್ಮ ಮಗ, ಮಗಳು, ಆಳುಗಳು ಮತ್ತು ದೊಡ್ಡ ದೊಡ್ಡ ನಾಯಿಗಳ ಸಮೇತ ನವದೆಹಲಿ ರೈಲು ನಿಲ್ದಾಣಕ್ಕೆ ಬಂದಿಳಿದರು. ಅಲ್ಲಿನ ವೇಟಿಂಗ್ ರೂಮಿನಲ್ಲಿ ಕಾರ್ಪೆಟ್ ಹಾಸಿ ಠಿಕಾಣಿ ಹೂಡಿದರು. ನಮ್ಮ ಆಸ್ತಿ ನಮಗೆ ಕೊಡಿ, ಅಲ್ಲೀತನಕ ಕದಲಲ್ಲ ಅಂತ ಹಟ. ವಿದೇಶಿ ಪತ್ರಕರ್ತರು ಹುಡುಕಿಕೊಂಡು ಬಂದರು, ಅಧಿಕಾರಿಗಳು ತಲೆ ಚಚ್ಚಿಕೊಂಡರು. ಸುಮಾರು ಹತ್ತು ವರ್ಷ ಹೀಗೇ ನಡೆದು, ಕೊನೆಗೆ ಇಂದಿರಾ ಗಾಂಧಿ ಸರ್ಕಾರ ಮಾಲ್ಚಾ ಮಹಲನ್ನು ಕೊಡಲು ಒಪ್ಪಿತು. 1985ರಲ್ಲಿ ಕುಟುಂಬ ಅಲ್ಲಿಗೆ ಹೋಯಿತು. ಕರೆಂಟಿಲ್ಲ, ನಲ್ಲಿ ನೀರಿಲ್ಲ, ಬಾಗಿಲುಗಳೇ ಇಲ್ಲದ ಕಮಾನುಗಳು. ಒಳಗೆ ಬಂದರೆ ಗುಂಡು ಹಾಕ್ತೀವಿ ಅನ್ನೋ ಬೋರ್ಡು ಹೊರಗೆ. 1993ರಲ್ಲಿ ವಿಲಾಯತ್ ತೀರಿಕೊಂಡರು, ಆಮೇಲೆ ಮಗಳು. ಒಂಟಿಯಾಗಿ ಉಳಿದಿದ್ದ ಮಗ 2017ರಲ್ಲಿ ಸತ್ತರು.

2019ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಎಲೆನ್ ಬ್ಯಾರಿ ಇದರ ಬುಡ ಅಗೆದು ಬರೆದರು. ರಾಜವಂಶ ಅನ್ನೋದು ಕಟ್ಟುಕಥೆ. ಗಂಡ ಇನಾಯತುಲ್ಲಾ ಬಟ್ ಲಖನೌ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದವರು. ದೇಶ ವಿಭಜನೆಯ ಹೊತ್ತಲ್ಲಿ ಅವರ ಮೇಲೆ ಹಲ್ಲೆಯಾಯಿತು, ಕುಟುಂಬ ಪಾಕಿಸ್ತಾನಕ್ಕೆ ಹೋಯಿತು. ವಿಲಾಯತ್‌ಗೆ ಆ ಹೋಗುವಿಕೆ ಕೊನೇತನಕ ಒಗ್ಗಲಿಲ್ಲ. ಅಲ್ಲಿನ ಪ್ರಧಾನಿಗೇ ಕಪಾಳಕ್ಕೆ ಹೊಡೆದರೆಂದು ಅವರನ್ನು ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಹಾಕಿದ್ದರು ಅಂತ ಬಂಧುಗಳು ಹೇಳಿದರು. ಆಮೇಲೆ ಮಕ್ಕಳನ್ನು ಕಟ್ಟಿಕೊಂಡು ಭಾರತಕ್ಕೆ ವಾಪಸ್ ಬಂದರು, ಹೊಸ ಹೆಸರಿನಲ್ಲಿ, ಹೊಸ ಕಥೆಯಲ್ಲಿ.

ಈ ವರದಿ ಬಂದಾಗ ಬಹಳ ಜನ 'ಅಯ್ಯೋ, ನಕಲಿ ರಾಣಿ' ಅಂತ ನಕ್ಕರು. ನನಗೆ ನಗು ಬರಲಿಲ್ಲ. ನವಾಬರ ವಂಶ ಅಂದಿದ್ದಕ್ಕೆ ವೇಟಿಂಗ್ ರೂಮ್ ಸಿಕ್ಕಿತು, ಪತ್ರಕರ್ತರು ಸಿಕ್ಕರು, ಸರ್ಕಾರ ಕಿವಿಗೊಟ್ಟಿತು. ವಿಭಜನೆಯಲ್ಲಿ ಮನೆ ಕಳಕೊಂಡ ರಿಜಿಸ್ಟ್ರಾರ್ ಒಬ್ಬರ ಹೆಂಡತಿ ಅಂತ ನಿಜ ಹೇಳಿದ್ದರೆ ಪೊಲೀಸಪ್ಪ ಲಾಠಿ ತಟ್ಟಿ ಎಬ್ಬಿಸಿ ಕಳಿಸ್ತಿದ್ದ. ಹಾಗೆ ಕಳಿಸಲ್ಪಟ್ಟವರು ಲಕ್ಷಾಂತರ ಮಂದಿ. ಅವರ ಹೆಸರಲ್ಲಿ ಯಾವ ಟೂರೂ ಇಲ್ಲ. ಮಾಲ್ಚಾ ಮಹಲಿನಲ್ಲಿ ಒಂದು ದೆವ್ವ ಇರೋದೇ ಆದರೆ ಅದರ ಹೆಸರು 1947. ಅದನ್ನು ಹೇಳಿದರೆ ರಸಭಂಗ, ಹಾಗಾಗಿ ವಜ್ರದ ಪುಡಿ.

ಊರೂರಿನ ದೆವ್ವದ ವ್ಯಾಪಾರ

ಸ್ಕಾಟ್ಲೆಂಡಿನ ಎಡಿನ್‌ಬರೋ ಈ ವ್ಯಾಪಾರಕ್ಕೆ ಹೆಸರುವಾಸಿ. ಅಲ್ಲಿನ ಸೌತ್ ಬ್ರಿಡ್ಜ್ ಸೇತುವೆ 18ನೇ ಶತಮಾನದ ಕೊನೆಯದು. ಅದರ ಕಮಾನುಗಳ ಒಳಗಿನ ಕತ್ತಲೆ ಕೋಣೆಗಳಲ್ಲಿ ಒಂದು ಕಾಲಕ್ಕೆ ಕಡುಬಡವರು ಕಿಕ್ಕಿರಿದು ಬದುಕಿದ್ದರು. ಈಗ ಅಲ್ಲಿ ದಿನವೂ ದೆವ್ವದ ಟೂರ್. ಬಾಡಿಗೆ, ಒದ್ದೆ ಗೋಡೆ, ಹಸಿವು, ಇವೆಲ್ಲ 'ಚಳಿ ಹುಟ್ಟಿಸುವ ವಾತಾವರಣ' ಆಗಿವೆ.

ಅದೇ ಊರಿನ ಗ್ರೇಫ್ರೈಯರ್ಸ್ ಸ್ಮಶಾನದ ದೆವ್ವ ಮಾತ್ರ ನನಗೆ ಇಷ್ಟ. ಅದು ಜಾರ್ಜ್ ಮೆಕೆಂಜಿಯದು. 17ನೇ ಶತಮಾನದಲ್ಲಿ ರಾಜನ ಪರವಾಗಿ ಭಿನ್ನಮತೀಯ ಕ್ರೈಸ್ತರ ಮೇಲೆ ಕೇಸು ಜಡಿದು ಗಲ್ಲಿಗೇರಿಸಿದ ಸರ್ಕಾರಿ ವಕೀಲ. 1679ರಲ್ಲಿ ಆ ಪಂಥದ ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಇದೇ ಸ್ಮಶಾನದ ಪಕ್ಕದ ಬಯಲಲ್ಲಿ ಕೂಡಿಹಾಕಿದ್ದರು. ಇಲ್ಲಿ ದೆವ್ವವಾಗಿರೋದು ಸತ್ತವರಲ್ಲ, ಸಾಯಿಸಿದವನು. ಅವನ ಕಥೆ ಹೇಳಬೇಕಾದರೆ ಅವನು ಏನು ಮಾಡಿದ ಅಂತ ಹೇಳದೆ ಗೈಡ್‌ಗೆ ವಿಧಿಯಿಲ್ಲ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಇನ್ನೂ ಕಹಿ. ಇತಿಹಾಸಕಾರ್ತಿ ಟಿಯಾ ಮೈಲ್ಸ್ ಅಲ್ಲಿನ ದೆವ್ವದ ಟೂರುಗಳಿಗೆ ತಾವೇ ಹೋಗಿ, 2015ರಲ್ಲಿ 'ಟೇಲ್ಸ್ ಫ್ರಮ್ ದಿ ಹಾಂಟೆಡ್ ಸೌತ್' ಎಂಬ ಪುಸ್ತಕ ಬರೆದರು. ಸವಾನಾ ನಗರದ ಸೊರೆಲ್-ವೀಡ್ ಹೌಸ್‌ನಲ್ಲಿ ಮಾಲಿ ಎಂಬ ಗುಲಾಮ ಹುಡುಗಿಯ ದೆವ್ವದ ಕಥೆ ಹೇಳ್ತಾರೆ. ಮನೆ ಯಜಮಾನನಿಗೂ ಅವಳಿಗೂ 'ಸಂಬಂಧ' ಇತ್ತಂತೆ, ಹೆಂಡತಿ ಮಹಡಿಯಿಂದ ಹಾರಿದಳಂತೆ, ಮಾಲಿ ನೇಣಿಗೆ ಸಿಕ್ಕಳಂತೆ. ಮೈಲ್ಸ್ ದಾಖಲೆಗಳನ್ನೆಲ್ಲ ಜಾಲಾಡಿದರು. ಮಾಲಿ ಅನ್ನೋ ಹುಡುಗಿ ಇದ್ದಳು ಅನ್ನೋದಕ್ಕೇ ಪುರಾವೆ ಸಿಗಲಿಲ್ಲ. ನಿಜಕ್ಕೂ ಮಾರಾಟವಾದ, ಹೊಡೆತ ತಿಂದ ಸಾವಿರಾರು ಹೆಂಗಸರನ್ನು ಬಿಟ್ಟು ಇಲ್ಲದ ಒಬ್ಬಳನ್ನು ಸೃಷ್ಟಿಸಿದ್ದಾರೆ, ಅದರಲ್ಲೂ ಯಜಮಾನನ ಬಲಾತ್ಕಾರ 'ಪ್ರೇಮ ಪ್ರಕರಣ'ವಾಗಿದೆ. ವಿಲಾಯತ್ ಕಥೆಯ ವಜ್ರದ ಪುಡಿಯೇ ಇಲ್ಲೂ ಕೆಲಸ ಮಾಡಿರೋದು.

ಅರ್ಜಿ ತಗೊಳ್ಳುವ ಜಿನ್ನುಗಳು

ದೆಹಲಿಗೆ ವಾಪಸ್ ಬರೋಣ. ಟೂರ್ ಪಟ್ಟಿಯಲ್ಲಿದ್ದ ಫಿರೋಜ್ ಶಾ ಕೋಟ್ಲಾಕ್ಕೆ ನಾನು ಹೋಗಿದ್ದು ಟಿಕೆಟ್ಟಿನ ಗುಂಪಿನ ಜೊತೆಗಲ್ಲ, ಒಂದು ಗುರುವಾರ ಮಧ್ಯಾಹ್ನ, ಹರಕೆಯವರ ಜೊತೆ. 1354ರಲ್ಲಿ ಕಟ್ಟಿದ ಕೋಟೆ. ಮೇಲೆ ಅಶೋಕನ ಸ್ತಂಭ, ಕೆಳಗೆ ಹೊಗೆಗೆ ಕಪ್ಪಿಟ್ಟ ಗೂಡುಗಳು. ಅಲ್ಲಿ ಜಿನ್ನುಗಳಿವೆ ಅಂತ ನಂಬಿಕೆ. ಜನ ಅವಕ್ಕೆ ಅರ್ಜಿ ಬರೀತಾರೆ. ಥೇಟ್ ತಾಲ್ಲೂಕು ಕಚೇರಿಗೆ ಕೊಡೋ ಥರ: ಪೂರ್ತಿ ಹೆಸರು, ವಿಳಾಸ, ಪಾಸ್‌ಪೋರ್ಟ್ ಸೈಜ್ ಫೋಟೊ, ಸಮಸ್ಯೆ ಏನು ಅಂತ ವಿವರ. ಅದನ್ನು ಜೆರಾಕ್ಸ್ ಮಾಡಿಸಿ ಒಂದೊಂದು ಗೂಡಿಗೆ ಒಂದೊಂದು ಪ್ರತಿ. ಹಿಂದೂ, ಮುಸ್ಲಿಂ, ಸಿಖ್ ಎಲ್ಲರೂ ಬರ್ತಾರೆ. ಹೆದರಿದವರು ಯಾರೂ ಕಾಣಲಿಲ್ಲ. ಕಷ್ಟದಲ್ಲಿದ್ದವರು ಕಂಡರು.

ಮಾನವಶಾಸ್ತ್ರಜ್ಞ ಆನಂದ್ ವಿವೇಕ್ ತನೇಜಾ ತಮ್ಮ 'ಜಿನ್ನಿಯಾಲಜಿ' (2017) ಪುಸ್ತಕದಲ್ಲಿ ಇದರ ಬೆನ್ನು ಹತ್ತಿದ್ದಾರೆ. ಈ ಅರ್ಜಿ ಪದ್ಧತಿಯ ಸುಳಿವು ಅವರಿಗೆ ಸಿಗೋದು 1977ರಿಂದೀಚೆಗೆ, ಅಂದರೆ ತುರ್ತು ಪರಿಸ್ಥಿತಿ ಮುಗಿದ ಬೆನ್ನಿಗೆ. ಅಲ್ಲಿಂದ ಅನತಿ ದೂರದ ತುರ್ಕಮಾನ್ ಗೇಟ್‌ನಲ್ಲಿ 1976ರ ಏಪ್ರಿಲ್‌ನಲ್ಲಿ ಮನೆಗಳ ಮೇಲೆ ಬುಲ್ಡೋಜರ್ ಹರಿದು, ತಡೆಯಲು ಬಂದವರ ಮೇಲೆ ಪೊಲೀಸ್ ಗುಂಡು ಹಾರಿದ್ದವು. ಕೇಳಬೇಕಾದ ಸರ್ಕಾರ ಕೇಳದಿದ್ದಾಗ ಜನ ಜಿನ್ನಿನ ಕಚೇರಿ ತೆರೆದರು. ಇದನ್ನು ಬರೀ ಮೌಢ್ಯ ಅಂತ ಒಂದೇ ಏಟಿಗೆ ತಳ್ಳಿಹಾಕೋದು ನನ್ನ ಕೈಲಾಗಲ್ಲ. 'ಹಾಂಟೆಡ್' ಪಟ್ಟಿಗೆ ಸೇರಿಸೋದಂತೂ ಶುದ್ಧ ಅವಮಾನ.

ಕೋಟ್ಲಾದ ಎದುರು ರಸ್ತೆಯಲ್ಲೇ ಖೂನಿ ದರ್ವಾಜಾ ಇದೆ. ಮಳೆಗಾಲದಲ್ಲಿ ಚಾವಣಿಯಿಂದ ರಕ್ತ ತೊಟ್ಟಿಕ್ಕುತ್ತೆ ಅಂತ ಕಥೆ. 1857ರ ಸೆಪ್ಟೆಂಬರ್ 22ರಂದು, ಶರಣಾಗಿದ್ದ ಮೂವರು ಮೊಘಲ್ ರಾಜಕುಮಾರರನ್ನು ಬ್ರಿಟಿಷ್ ಅಧಿಕಾರಿ ವಿಲಿಯಂ ಹಾಡ್ಸನ್ ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಂದದ್ದು ಇಲ್ಲಿ. ಇವತ್ತಿನ ಭಾಷೆಯಲ್ಲಿ ಎನ್‌ಕೌಂಟರ್. 2002ರಲ್ಲಿ ಇದೇ ಕಟ್ಟಡದಲ್ಲಿ ಹಾಡಹಗಲೇ ಒಬ್ಬ ವೈದ್ಯಕೀಯ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ನಡೆದು, ಆಮೇಲೆ ಗೇಟಿಗೆ ಬೀಗ ಬಿತ್ತು. ಎರಡನ್ನೂ ಮಾಡಿದವರು ಜೀವಂತ ಗಂಡಸರು.

ನಮ್ಮ ತುಳುನಾಡಿನ ಕಲ್ಕುಡ-ಕಲ್ಲುರ್ಟಿ ಪಾಡ್ದನ ಕೇಳಿದವರಿಗೆ ಇದರ ಇನ್ನೊಂದು ಮಗ್ಗುಲು ಗೊತ್ತಿರುತ್ತೆ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಇನ್ನೆಲ್ಲೂ ಅಂಥದ್ದು ಕೆತ್ತಬಾರದು ಅಂತ ಅರಸ ಅವನ ಕೈಕಾಲು ಕಡಿಸಿದ. ಅಣ್ಣ-ತಂಗಿ ದೈವಗಳಾಗಿ ಅರಸನ ಊರನ್ನೇ ಕಾಡಿದರು. ಅಲ್ಲಿ ಭೂತ ತಾನೇ ಬಂದು ತನ್ನ ಕಥೆ ಹೇಳುತ್ತೆ, ಕಡಿಸಿದವನು ಯಾರು ಅಂತಲೂ ಹೇಳುತ್ತೆ. (ಕೋಲ ಮುಗಿದ ಮಾರನೇ ದಿನ ಕಟ್ಟಿದವನ ಜಾತಿ ಅವನಿಗೆ ವಾಪಸ್ ಬರುತ್ತೆ, ಅದೂ ನಿಜ. ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.)

ದೆವ್ವದ ಟೂರಿಗೆ ಹೋಗಲೇಬೇಡಿ ಅಂತ ನಾನು ಹೇಳಲ್ಲ. ಕತ್ತಲಲ್ಲಿ ಹಳೇ ಕಲ್ಲುಗಳ ನಡುವೆ ನಡೆಯೋ ಸುಖವೇ ಬೇರೆ. ಹೋದರೆ ಗೈಡ್‌ಗೆ ತೊಂದರೆ ಕೊಡಿ. ಸತ್ತವರ ಹೆಸರೇನು, ದಾಖಲೆ ಎಲ್ಲಿದೆ, ಕೊಂದವರಿಗೆ ಏನಾಯಿತು ಅಂತ ಕೇಳಿ. ಮಾಲ್ಚಾ ಮಹಲಿಗೆ ಹೋದವರು ಇನ್ನೂ ಒಂದು ಕೇಳಬಹುದು: ಇಲ್ಲಿ ಮೂರು ದಶಕ ಮನುಷ್ಯರು ಬದುಕಿದ್ದರಲ್ಲ, ಕರೆಂಟು ಯಾಕೆ ಬರಲಿಲ್ಲ?